ನಡುವಿನ ಅಯಾನು

ಡರ್ಬನ್, 3 ಫೆಬ್ರವರಿ 2023

ಅರಾಬಾ,

ಇದನ್ನು ಸಂಸ್ಥೆಯ ವಿಳಾಸದಿಂದ ಬರೆಯುತ್ತಿಲ್ಲ. ಅಲ್ಲಿಂದ ಹೋಗುವ ಪತ್ರಗಳನ್ನು ಕಚೇರಿಯವರೂ ಓದುತ್ತಾರೆ. ನಿನಗೆ ಬರೆಯದೆ ಎರಡು ವರ್ಷ ದಾಟಿತು. ಈಗ ಬರೆಯುತ್ತಿರುವುದು ಕೆಲಸವಿದೆ ಎಂದೇ. ಬೇರೆ ನೆಪ ಹೂಡಿದರೆ ನೀನು ಎರಡನೇ ಸಾಲಿನಲ್ಲೇ ಹಿಡಿಯುತ್ತೀಯ.

ನಮ್ಮ ಪ್ರಯೋಗಾಲಯದಲ್ಲಿ ನನ್ನನ್ನು ಬಿಟ್ಟು ಆರು ಜನ. ಚಾರ್ಜ್ ಹೊತ್ತ ಒಂಟಿ ಪರಮಾಣುಗಳನ್ನು, ಅಂದರೆ ಅಯಾನುಗಳನ್ನು, ನಿರ್ವಾತದಲ್ಲಿ ಮಣಿಸರದ ಹಾಗೆ ಸಾಲಾಗಿ ನಿಲ್ಲಿಸುತ್ತಾರೆ. ಲೇಸರಿನಿಂದ ಒಂದೊಂದನ್ನೇ ಮುಟ್ಟುತ್ತಾರೆ, ಓದುತ್ತಾರೆ. ಈ ಕೆಲಸದಲ್ಲಿ ಅವರನ್ನು ಮೀರಿಸುವವರು ಈ ಖಂಡದಲ್ಲಿ ಕಡಿಮೆ. ಆದರೆ ಯಾಕೆ ನಿಲ್ಲಿಸಿದ್ದೇವೆ ಎಂದು ಯಾರಾದರೂ ಕೇಳಿದರೆ ಆರೂ ಜನ ನನ್ನ ಮುಖ ನೋಡುತ್ತಾರೆ. 'ಪ್ರಕೃತಿಯ ಬಲಗಳನ್ನು ಅನುಕರಿಸುವ ಕ್ವಾಂಟಮ್ ಯಂತ್ರ' ಎಂದು ಬರೆದು ಅನುದಾನ ತಂದವನು ನಾನು. ಬಲಗಳ ಗಣಿತವೆಂದರೆ ಗೇಜ್ ಸಿದ್ಧಾಂತ. ಅದು ಅವರಿಗೆ ಗೊತ್ತಿಲ್ಲ. ನನಗೂ ಅದನ್ನು ಹೇಳಿಕೊಡುವಷ್ಟು ಗೊತ್ತಿಲ್ಲ.

ಹೋದ ವರ್ಷ ಒಬ್ಬ ಸಿದ್ಧಾಂತಿಯನ್ನು ಕರೆಸಿದ್ದೆ. ಬಂದವನು ಬೋರ್ಡಿಗೆ ಮುಖ ಮಾಡಿ ಬರೆಯತೊಡಗಿದ. ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ರಿಯಾನ್ ನನ್ನ ಕಿವಿಯ ಹತ್ತಿರ ಬಂದು, "ಬಾಸ್, ಈ ಮನುಷ್ಯ ಮಾತಾಡ್ತಿರೋದು ನಮ್ಮ ಜೊತೆನಾ, ಬೋರ್ಡ್ ಜೊತೆನಾ?" ಅಂದ. ಲೇಸರುಗಳ ಹೊಣೆ ಹೊತ್ತ ನೊಕ್ವಾಝಿ ಹಿಂದಿನ ಸಾಲಿನಿಂದ, "ಬೋರ್ಡ್ ಜೊತೆನೇ. ನೋಡು, ಜಗಳ ಆಡಿ ಅಳಿಸ್ತಾನೂ ಇದಾನೆ," ಅಂದಳು.

ಸೆಪ್ಟೆಂಬರಿನಲ್ಲಿ ಪರಿಶೀಲನಾ ಸಮಿತಿ ಬರುತ್ತದೆ. ಅವರು ಒಪ್ಪದಿದ್ದರೆ ಪ್ರಯೋಗಾಲಯ ಮುಚ್ಚುತ್ತದೆ, ಆರು ಜನರಿಗೂ ಕೆಲಸವಿಲ್ಲ. ಇಂಥವರಿಗೆ ಗೇಜ್ ಸಿದ್ಧಾಂತವನ್ನು ಮೊದಲಿನಿಂದ ಹೇಳುವ ನಾಲ್ಕು ಪಾಠ ಮಾಡಿಕೊಡುತ್ತೀಯಾ? ಪರದೆಯ ಮೇಲೆ ಸಾಕು.

ನೀನು ಹೇಗಿದ್ದೀಯ?

ಫೀಫಿ

—

ಕೇಪ್ ಕೋಸ್ಟ್, 17 ಫೆಬ್ರವರಿ 2023

ಫೀಫಿ,

ಒಪ್ಪಿದ್ದೇನೆ. ಮಾರ್ಚಿನ ನಾಲ್ಕು ಗುರುವಾರ. ಬೋರ್ಡ್ ಬಳಸುವುದಿಲ್ಲ.

ಮೊದಲ ಗಂಟೆ ಓಲೊಂಕಾ ಡಬ್ಬದಿಂದ ಶುರು ಮಾಡುತ್ತೇನೆ. ನಮ್ಮ ಕೊಟೊಕುರಾಬಾ ಮಾರುಕಟ್ಟೆಯಲ್ಲಿ ಮರಗೆಣಸಿನ ತರಿ, ಗಾರಿ, ಅಳೆದುಕೊಡುವ ಅದೇ ತಗಡಿನ ಡಬ್ಬ. ಮಂಕೆಸಿಮ್‌ನ ಡಬ್ಬ ಇದಕ್ಕಿಂತ ತುಸು ದೊಡ್ಡದು. ಕಸೋವಾದಲ್ಲಿ ತಳವನ್ನು ಒಳಕ್ಕೆ ತಟ್ಟಿರುತ್ತಾರೆ. ನಿನ್ನೆ ಪಾಠಕ್ಕೆಂದು ಹೋಗಿ ಒಂದು ಅಂಗಡಿಯಲ್ಲಿ ಡಬ್ಬ ಎತ್ತಿ ತಳ ನೋಡುತ್ತಿದ್ದೆ. "ಆಂಟಿ, ತಳ ಆಮೇಲೆ ನೋಡೋರಂತೆ, ಮೊದಲು ಕೊಳ್ಳೋ ಮುಖ ತೋರ್ಸಿ," ಅಂದಳು ಅಂಗಡಿಯವಳು. ಬೇಡದ ಗಾರಿ ಕೊಂಡು ತಂದೆ.

ಪ್ರತಿ ಮಾರುಕಟ್ಟೆಗೂ ತನ್ನದೇ ಡಬ್ಬ ಇಟ್ಟುಕೊಳ್ಳುವ ಹಕ್ಕಿದೆ. ನಾಳೆ ಬದಲಿಸುವ ಹಕ್ಕೂ ಇದೆ. ಇದರಿಂದ ಗಾರಿ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಆದ್ದರಿಂದ ಡಬ್ಬದ ಗಾತ್ರ ನಿಜವಾದ ಸಂಗತಿಯಲ್ಲ. ಒಂದು ಊರಿನ ಅಳತೆಯನ್ನು ಇನ್ನೊಂದು ಊರಿನದಕ್ಕೆ ತಿರುಗಿಸಲು ದಾರಿಯಲ್ಲಿ ಏನನ್ನೋ ಹೊತ್ತೊಯ್ಯಬೇಕಲ್ಲ, ಕೆಲಸವಿರುವುದು ಅಲ್ಲಿ. ಕೊಟೊಕುರಾಬಾದಿಂದ ಹೊರಟು ಮಂಕೆಸಿಮ್, ಕಸೋವಾ ಸುತ್ತಿ, ಎಲ್ಲ ಕಡೆ ಸರಿಯಾಗಿ ತಿರುಗಿಸಿಕೊಂಡು ವಾಪಸು ಬಂದೆ ಎಂದಿಟ್ಟುಕೋ. ಹೊರಟಾಗಿನ ಅಳತೆಗೂ ಬಂದಾಗಿನ ಅಳತೆಗೂ ತಾಳೆಯಾಗದಿದ್ದರೆ ಯಾವ ಡಬ್ಬದ ಮೇಲೂ ತಪ್ಪು ಹೊರಿಸುವಂತಿಲ್ಲ. ಆ ಸುತ್ತಿನ ಒಳಗೆ ಏನೋ ಇದೆ. ಅದನ್ನು ನಾವು ಬಲ ಎನ್ನುತ್ತೇವೆ.

ನನ್ನ ವಿಷಯ ಕೇಳಿದ್ದೀಯ. ಅದೇ ಮನೆ. ನನ್ನ ಅಮ್ಮ ನವೆಂಬರಿನಲ್ಲಿ ತೀರಿಹೋದಳು. ಹರ್ಮಟಾನ್ ಗಾಳಿಯ ಧೂಳು ಈ ಸಲ ಬೇಗ ಇಳಿಯಿತು.

ಪರದೆಯಲ್ಲಿ ಎಲ್ಲರ ಮುಖ ಕಾಣಿಸುವ ಹಾಗೆ ಕೂರಿಸು.

ಅರಾಬಾ

—

ಡರ್ಬನ್, 8 ಏಪ್ರಿಲ್ 2023

ಅರಾಬಾ,

ನಾಲ್ಕೂ ಪಾಠ ಮುಗಿದ ಮೇಲೆ ಇಲ್ಲಿ ಏನಾಗಿದೆ ಎಂದು ನೀನು ತಿಳಿಯಬೇಕು. ಯಾರ ಮಾತು ಯಾರಿಗೆ ಸರಿಹೊಂದದಿದ್ದರೂ ಈಗ "ನಿನ್ನ ಡಬ್ಬ ಯಾವ ಊರಿಂದು?" ಎನ್ನುತ್ತಾರೆ. ಮೈಕ್ರೋವೇವ್ ವಿಭಾಗದವರೂ ಲೇಸರ್ ವಿಭಾಗದವರೂ ಅಳತೆಯ ಶೂನ್ಯವನ್ನು ಬೇರೆ ಬೇರೆ ಕಡೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಚ್ಚಾಡಿದ್ದು ಒಂದು ಮಧ್ಯಾಹ್ನದಲ್ಲಿ ಬಗೆಹರಿಯಿತು.

ಗಾಸ್ ನಿಯಮದ ಪಾಠ ಎಲ್ಲರಿಗಿಂತ ಹೆಚ್ಚು ನೊಕ್ವಾಝಿಗೆ ಹಿಡಿಸಿದೆ. ಸಾಲಿನ ಪ್ರತಿ ತಾಣದಲ್ಲೂ ಒಳಬಂದ ಕ್ಷೇತ್ರಕ್ಕೂ ಹೊರಹೋದ ಕ್ಷೇತ್ರಕ್ಕೂ ಇರುವ ಅಂತರ ಅಲ್ಲಿ ಕೂತ ಚಾರ್ಜಿಗೆ ಸಮವಾಗಿರಲೇಬೇಕು, ಇಡೀ ಸಾಲಿಗೆ ಒಟ್ಟಾರೆ ಅಲ್ಲ, ಒಂದೊಂದು ತಾಣಕ್ಕೂ ಬೇರೆ ಬೇರೆಯಾಗಿ ಎಂದೆಯಲ್ಲ. "ಅಂದ್ರೆ ಟ್ಯಾಕ್ಸಿ ಸ್ಟ್ಯಾಂಡಿನ ಮಾರ್ಷಲ್ ಇದ್ದ ಹಾಗೆ ಪ್ರೊಫ್. ಎಷ್ಟು ಬಂದ್ವು, ಎಷ್ಟು ಹೋದ್ವು, ಎಷ್ಟು ನಿಂತಿವೆ, ಲೆಕ್ಕ ತಪ್ಪಿದ್ರೆ ಶಿಳ್ಳೆ ಹೊಡೀತಾನೆ," ಅಂದಳು. "ನಮ್ಮ ಮಾರ್ಷಲ್‌ಗಳು ಶಿಳ್ಳೆ ಹೊಡೆಯೋದು ಊಟಕ್ಕೆ ಕರೆಯೋಕೆ," ಅಂದ ರಿಯಾನ್.

ಕ್ಷೇತ್ರ ಇರುವುದು ತಾಣಗಳಲ್ಲಲ್ಲ, ಎರಡು ತಾಣಗಳ ನಡುವೆ. ನ್ಯಾಯವಾಗಿ ಅಲ್ಲಿಯೂ ಒಂದೊಂದು ಅಯಾನು ನಿಲ್ಲಿಸಬೇಕು. ಅಷ್ಟು ಅಯಾನುಗಳನ್ನು ಒಟ್ಟಿಗೆ ಆಡಿಸುವ ಶಕ್ತಿ ನಮಗಿಲ್ಲ. ಮೂರನೇ ಪಾಠದಲ್ಲಿ ನೀನು ಹೇಳಿದ ಅಡ್ಡದಾರಿ ನಮ್ಮನ್ನು ಉಳಿಸಿತು: ಸಾಲಿನಲ್ಲಿ ಸುತ್ತು ಹಾಕಲು ಜಾಗವಿಲ್ಲ, ಆದ್ದರಿಂದ ಚಾರ್ಜುಗಳು ಎಲ್ಲೆಲ್ಲಿವೆ ಎಂದು ಗೊತ್ತಾದರೆ ನಡುವಿನ ಕ್ಷೇತ್ರವನ್ನು ನಿಯಮದಿಂದಲೇ ಲೆಕ್ಕ ಹಾಕಬಹುದು. ನಡುವಿನ ಅಯಾನುಗಳನ್ನು ಕೈಬಿಟ್ಟೆವು. ಸೋಮವಾರದಿಂದ ಯಂತ್ರ ಓಡುತ್ತಿದೆ. ಬರಿ ನಿರ್ವಾತದಿಂದ ಕಣವೂ ಪ್ರತಿಕಣವೂ ಜೋಡಿಯಾಗಿ ಹುಟ್ಟುವುದನ್ನು ನೋಡಿದೆವು. ರಿಯಾನ್ ಎಲ್ಲರಿಗೂ ಊಟಕ್ಕೆ ಬನಿ ಚೌ ತರಿಸಿದ.

ಫೀಫಿ

—

ಕೇಪ್ ಕೋಸ್ಟ್, 29 ಏಪ್ರಿಲ್ 2023

ಫೀಫಿ,

ಸಂತೋಷ. ಜೋಡಿಗಳು ಹುಟ್ಟುವ ವೇಗವನ್ನು ನನ್ನ ಲೆಕ್ಕದೊಂದಿಗೆ ಹೋಲಿಸಿ ನೋಡಿದೆ, ಚೆನ್ನಾಗಿದೆ.

ಕ್ಷೇತ್ರವನ್ನು ಲೆಕ್ಕದಿಂದ ತೆಗೆದು ಹಾಕಿದಾಗ ನೊಕ್ವಾಝಿಯ ಮಾರ್ಷಲ್ ಕೂಡ ಮನೆಗೆ ಹೋಗಿರುತ್ತಾನೆ. ಅವಳಿಗೆ ನನ್ನ ನಮಸ್ಕಾರ ತಿಳಿಸು.

ಇಲ್ಲಿ ಸೆಮಿಸ್ಟರ್ ಮುಗಿಯುತ್ತಿದೆ.

ಅರಾಬಾ

—

ಡರ್ಬನ್, 12 ಜುಲೈ 2023

ಅರಾಬಾ,

ವರದಿ ಲಗತ್ತಿಸಿದ್ದೇನೆ. ಮಾರ್ಷಲ್ ಮನೆಗೆ ಹೋದದ್ದಕ್ಕೆ ನೊಕ್ವಾಝಿಗೆ ನಿನ್ನ ಅಭಿನಂದನೆ ತಲುಪಿಸಿದೆ. ಅವಳು ನಗಲಿಲ್ಲ, ಈಚೆಗೆ ಕೆಲಸ ಜಾಸ್ತಿ.

ಹನ್ನೊಂದನೇ ಪುಟ ನೋಡು. ಇಡೀ ಪ್ರಯೋಗದಲ್ಲಿ ಗಾಸ್ ನಿಯಮ ಒಂದು ತಾಣದಲ್ಲೂ, ಒಂದು ಸಲವೂ ಮುರಿದಿಲ್ಲ. ಬೇರೆ ದೇಶಗಳ ದೊಡ್ಡ ಪ್ರಯೋಗಾಲಯಗಳು ಯಂತ್ರದ ಓಟಗಳಲ್ಲಿ ನಿಯಮ ಮುರಿದವನ್ನು ಎತ್ತಿ ಹಾಕಿ, ಉಳಿದದ್ದನ್ನು ತೋರಿಸುತ್ತವೆ. ನಾವು ಏನನ್ನೂ ಎತ್ತಿ ಹಾಕಿಲ್ಲ. ಇಲಾಖೆಯಿಂದ ಬಂದಿದ್ದ ಅಧಿಕಾರಿ ವರದಿಯಲ್ಲಿ ಆ ಒಂದು ಸಾಲನ್ನೇ ಎರಡು ಸಲ ಓದಿಸಿ, "ಒಂದೂ ತಪ್ಪಿಲ್ಲ ಅಂತೀರಾ? ಹಂಗಾದ್ರೆ ಇದನ್ನ ಮೊದಲನೇ ಪುಟಕ್ಕೆ ಹಾಕ್ರಿ ಮಾರಾಯ್ರೆ, ಹನ್ನೊಂದರಲ್ಲಿ ಯಾಕೆ ಬಚ್ಚಿಟ್ಟಿದೀರಿ?" ಅಂದ.

ಸಮಿತಿಯಲ್ಲಿ ಸಿದ್ಧಾಂತಿಗಳಿಲ್ಲ. ಸಿದ್ಧಾಂತದ ಭಾಗವನ್ನು ಹೊರಗಿನವರೊಬ್ಬರು ಓದಿ ಸಹಿ ಹಾಕಬೇಕು ಎಂಬ ನಿಯಮವಿದೆ. ನಿನ್ನ ಹೆಸರು ಕೊಟ್ಟೆ, ಒಪ್ಪಿದರು. ಆಗಸ್ಟ್ ಮಧ್ಯದೊಳಗೆ ಬಂದರೆ ಸಾಕು.

ಲೋಡ್ ಶೆಡ್ಡಿಂಗ್ ಮತ್ತೆ ಹೆಚ್ಚಾಗಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಲೇಸರುಗಳನ್ನು ಮೊದಲಿನಿಂದ ಹೊಂದಿಸಬೇಕು.

ಫೀಫಿ

—

ಕೇಪ್ ಕೋಸ್ಟ್, 30 ಜುಲೈ 2023

ಫೀಫಿ,

ವರದಿ ಓದಿದೆ. ಬರವಣಿಗೆ ಚೆನ್ನಾಗಿದೆ. ಒಂದು ಪ್ರಶ್ನೆ: ತಾಣಗಳ ನಡುವಿನ ಕ್ಷೇತ್ರವನ್ನು ಯಾವುದರಿಂದ ಓದಿದಿರಿ?

ಈ ತಿಂಗಳು ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಮೀನು ಮರಿ ಮಾಡುವ ಕಾಲ. ಮೆಕ್ಕೆಜೋಳದ ಕೆಂಕಿ ಸಿಗುತ್ತದೆ, ಜೊತೆಗೆ ತಿನ್ನಲು ಡಬ್ಬಿಯ ಮೀನು. ದಡದಲ್ಲಿ ಸಾಲಾಗಿ ಮಗುಚಿಟ್ಟ ದೋಣಿಗಳ ನೆರಳಲ್ಲಿ ಗಂಡಸರು ಬಲೆ ಹೊಲಿಯುತ್ತಾ ಒಬ್ಬರನ್ನೊಬ್ಬರು ರೇಗಿಸುತ್ತಾರೆ. ನಾನು ಸಂಜೆ ಆ ಕಡೆ ನಡೆದು ಹೋಗುತ್ತೇನೆ. ಇಲ್ಲಿಂದ ನೋಡಿದರೆ ನಿನ್ನ ಊರು ಯಾವ ದಿಕ್ಕಿಗೆ ಬರುತ್ತದೆ ಎಂದು ಒಮ್ಮೆ ಯೋಚಿಸಿದೆ. ನೇರ ಕಡಲಿನ ದಿಕ್ಕಿಗಲ್ಲ, ನನ್ನ ಎಡಕ್ಕೆ ಓರೆಯಾಗಿ, ಕೊಲ್ಲಿ ದಾಟಿದರೆ ಸಿಗುವ ನೆಲದ ಆಚೆ. ಇಷ್ಟು ವರ್ಷ ನೇರ ಕಡಲಿನ ಕಡೆ ಎಂದುಕೊಂಡಿದ್ದೆ.

ಸಹಿ ಹಾಕಿಲ್ಲ. ಪ್ರಶ್ನೆಗೆ ಉತ್ತರ ಬರೆ.

ಅರಾಬಾ

—

ಡರ್ಬನ್, 6 ಆಗಸ್ಟ್ 2023

ಅರಾಬಾ,

ನಿನಗೆ ಉತ್ತರ ಗೊತ್ತಿದೆ. ಗೊತ್ತಿದ್ದೂ ಕೇಳುವುದು ನಿನ್ನ ಹಳೆಯ ಪದ್ಧತಿ. ಎದುರಿಗಿರುವವನು ತಾನಾಗಿ ಹೇಳಲಿ ಎಂದು ಕಾಯುತ್ತಾ, ನಡುವೆ ದೋಣಿ ಮೀನು ಎಂದು ಬರೆಯುತ್ತಾ ಇರುತ್ತೀಯ.

ಸರಿ, ಬರೆಯುತ್ತೇನೆ. ಕ್ಷೇತ್ರವನ್ನು ನಾವು ಯಾವುದರಿಂದಲೂ ಓದಲಿಲ್ಲ. ಓದಲು ಅಲ್ಲಿ ಅಯಾನೇ ಇಲ್ಲ. ಚಾರ್ಜುಗಳನ್ನು ಅಳೆದೆವು, ಗಾಸ್ ನಿಯಮ ಬಳಸಿ ಕ್ಷೇತ್ರವನ್ನು ಲೆಕ್ಕ ಹಾಕಿದೆವು, ಆಮೇಲೆ ಆ ಕ್ಷೇತ್ರ ಗಾಸ್ ನಿಯಮವನ್ನು ಪಾಲಿಸುತ್ತದೆಯೇ ಎಂದು ಪರೀಕ್ಷಿಸಿದೆವು. ಪಾಲಿಸಿತು. ಪಾಲಿಸದೆ ಎಲ್ಲಿ ಹೋಗುತ್ತದೆ?

ನನಗೆ ಇದು ಜೂನ್ ತಿಂಗಳಿನಿಂದ ಗೊತ್ತು. ನೊಕ್ವಾಝಿ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದಳು: "ಪ್ರೊಫ್, ನಾವೇ ಪ್ರಶ್ನೆಪತ್ರಿಕೆ ಬರೆದು, ನಾವೇ ಉತ್ತರ ಬರೆದು, ನಾವೇ ನೂರಕ್ಕೆ ನೂರು ಹಾಕ್ಕೊಂಡಿದೀವಿ. ಇನ್ನು ಸ್ವೀಟ್ ಹಂಚೋದೊಂದು ಬಾಕಿ." ಸಮಿತಿ ಬಂದು ಹೋಗಲಿ, ಆಮೇಲೆ ಸರಿಮಾಡೋಣ ಎಂದೆ. "ಸರಿ ಮಾಡೋಕೆ ಇದ್ರಲ್ಲಿ ತಪ್ಪೇನಿದೆ ಪ್ರೊಫ್? ಅದೇ ಕಷ್ಟ," ಅಂದಳು. ಆಮೇಲೆ ಆ ಮಾತು ಎತ್ತಿಲ್ಲ. ಚಹಾ ಕುಡಿಯುವಾಗ ನನ್ನ ಮೇಜಿಗೆ ಬರುವುದನ್ನೂ ಬಿಟ್ಟಿದ್ದಾಳೆ.

ಅವಳ ಮಾತು ನಿಜ. ವಾಕ್ಯದಲ್ಲಿ ತಪ್ಪಿಲ್ಲ. ನಿಯಮ ಮುರಿಯಲಿಲ್ಲ, ಅಷ್ಟೇ ಬರೆದಿದ್ದೇವೆ. ಅಡ್ಡದಾರಿ ನಿನ್ನ ಮೂರನೇ ಪಾಠದ್ದು, ಪರೀಕ್ಷೆ ನಿನ್ನ ನಾಲ್ಕನೇ ಪಾಠದ್ದು. ಎರಡನ್ನೂ ಒಟ್ಟಿಗೆ ಬಳಸಬಾರದೆಂದು ನೀನು ಬಿಡಿಸಿ ಹೇಳಲಿಲ್ಲ. ಮಾರ್ಷಲ್ ಮನೆಗೆ ಹೋಗಿರುತ್ತಾನೆ ಎಂದು ಒಗಟು ಬರೆದೆ, ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಆ ಸಾಲು ತೆಗೆದರೆ ಸಮಿತಿಯ ಮುಂದೆ ಇಡಲು ನಮ್ಮ ಹತ್ತಿರ ಬೇರೆಯವರು ಏಳು ವರ್ಷದ ಹಿಂದೆಯೇ ಮಾಡಿದ್ದು ಮಾತ್ರ ಉಳಿಯುತ್ತದೆ. ರಿಯಾನ್‌ಗೆ ಐವತ್ತೆಂಟು, ಇನ್ನೆಲ್ಲಿ ಕೆಲಸ ಸಿಗುತ್ತದೆ? ಸಹಿ ಹಾಕು. ಸುಳ್ಳಿಗೆ ಸಹಿ ಕೇಳುತ್ತಿಲ್ಲ.

ಫೀಫಿ

—

ಕೇಪ್ ಕೋಸ್ಟ್, 14 ಆಗಸ್ಟ್ 2023

ಫೀಫಿ,

ಎರಡನ್ನೂ ಒಟ್ಟಿಗೆ ಬಳಸುವವರು ಇರುತ್ತಾರೆಂದು ನನಗೆ ಹೊಳೆಯಲಿಲ್ಲ. ಸಿದ್ಧಾಂತಿಗಳು ಒಂದನ್ನು ಬಳಸಿದ ಮೇಲೆ ಇನ್ನೊಂದರ ಕಡೆ ನೋಡುವುದಿಲ್ಲ. ನಿಮ್ಮವರು ಅಳೆಯುವ ಜನ, ಪರೀಕ್ಷೆ ಎಂದು ಕಂಡದ್ದನ್ನೆಲ್ಲ ಮಾಡಿ ನೋಡುತ್ತಾರೆ. ಏಪ್ರಿಲ್‌ನಲ್ಲಿ ನಾನು ಬಿಡಿಸಿ ಬರೆಯಬೇಕಿತ್ತು. ನೀನು ಮೆಚ್ಚುಗೆ ಎಂದು ಓದುತ್ತೀಯ ಎಂದು ಗೊತ್ತಿದ್ದರೆ ಬರೆಯುತ್ತಿದ್ದೆನೇನೋ. ನೀನು ಹೇಗೆ ಓದುತ್ತೀಯ ಎಂದು ನಾನು ಇಲ್ಲಿ ಕುಳಿತು ಲೆಕ್ಕ ಹಾಕಿಕೊಂಡಿದ್ದೆ.

ಹನ್ನೊಂದನೇ ಪುಟಕ್ಕೆ ಸಹಿ ಹಾಕುವುದಿಲ್ಲ. ಆ ವಾಕ್ಯ ನಿಜವೆಂಬುದೇ ಕಾರಣ. ಅದು ಯಾವ ಯಂತ್ರದ ಬಗ್ಗೆಯೂ ನಿಜ. ಕೆಟ್ಟು ನಿಂತ ಯಂತ್ರದ ಬಗ್ಗೆಯೂ.

ಬದಲಿಗೆ ಇದನ್ನು ಮಾಡಿ. ಉದ್ದ ಸಾಲು ಬಿಡಿ. ಎರಡೇ ತಾಣ, ಅವುಗಳ ನಡುವೆ ಒಂದು ಅಯಾನು. ಒಟ್ಟು ಮೂರು. ಜೋಡಿ ಹುಟ್ಟಿದಾಗ ನಡುವಿನದು ತಿರುಗಬೇಕು, ಹುಟ್ಟದಿದ್ದಾಗ ಸುಮ್ಮನಿರಬೇಕು. ಅದನ್ನು ಬೇರೆಯಾಗಿ, ಅದರದೇ ಬೆಳಕಿನಲ್ಲಿ ಓದಿ. ನಿಯಮ ಮುರಿಯುತ್ತದೆ, ಖಂಡಿತ ಮುರಿಯುತ್ತದೆ, ನಿಮ್ಮ ಲೇಸರುಗಳು ದೇವರಲ್ಲ. ಎಷ್ಟು ಸಲ ಮುರಿಯಿತು ಎಂದು ಬರೆಯಿರಿ. ಆ ಪುಟಕ್ಕೆ, ಅದರಲ್ಲಿರುವ ಅಂಕಿ ಎಷ್ಟು ಕೆಟ್ಟದ್ದಾದರೂ, ಸಹಿ ಹಾಕುತ್ತೇನೆ. ಸಿದ್ಧಾಂತದ ಉಳಿದ ಪುಟಗಳಿಗೆ ಇಂದೇ ಹಾಕಿ ಕಳಿಸಿದ್ದೇನೆ.

ಇದರಿಂದ ಆರು ಜನರ ಕೆಲಸ ಉಳಿಯುತ್ತದೆಂದು ಹೇಳಲಾರೆ. ಹೋಗಲೂಬಹುದು.

ನೀನು ಇಲ್ಲಿಂದ ಹೊರಟುಹೋದ ವರ್ಷ ಒಂದು ಪತ್ರ ಬರೆದಿದ್ದೆ, 'ನಮ್ಮ ನಡುವೆ ಏನೂ ಬದಲಾಗಿಲ್ಲ' ಎಂದು. ನಾನೂ ಹಾಗೆಯೇ ಬರೆದೆ. ಇಬ್ಬರೂ ನಮ್ಮ ನಮ್ಮ ತುದಿಯನ್ನು ನೋಡಿಕೊಂಡು ಬರೆದದ್ದು. ಹತ್ತೊಂಬತ್ತು ವರ್ಷ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಅರಾಬಾ

—

ಡರ್ಬನ್, 22 ಸೆಪ್ಟೆಂಬರ್ 2023

ಅರಾಬಾ,

ಸಮಿತಿ ನಿನ್ನೆ ಹೋಯಿತು.

ನಿನ್ನ ಪತ್ರ ಬಂದ ಮರುದಿನ ಎಲ್ಲರನ್ನೂ ಕೂರಿಸಿ ಹೇಳಿದೆ. ರಿಯಾನ್, "ಅಂದ್ರೆ ಬಾಸ್, ಇಷ್ಟು ದಿನ ಸರಿಯಾಗಿದ್ದಿದ್ದನ್ನ ಕೆಡಿಸಿ ತೋರಿಸಬೇಕು, ಅಷ್ಟೇ ತಾನೆ? ಅದು ನಮಗೆ ಬರುತ್ತೆ," ಅಂದ. ನೊಕ್ವಾಝಿ ಆಗಲೇ ಕೋಟು ಹಾಕಿಕೊಂಡು ಒಳಗೆ ಹೋಗಿದ್ದಳು.

ಮೂರು ಅಯಾನುಗಳನ್ನು ಒಂದೇ ಏಟಿಗೆ ಆಡಿಸುವುದು ಕಷ್ಟ. ಮೊದಲ ವಾರ ಮೂರಕ್ಕೆ ಒಂದು ಓಟದಲ್ಲಿ ನಿಯಮ ಮುರಿಯಿತು. ಜೋಡಿ ಹುಟ್ಟುತ್ತದೆ, ನಡುವಿನದು ಅಲುಗುವುದಿಲ್ಲ. ಇಲ್ಲವೇ ಏನೂ ಹುಟ್ಟದೆ ಅದೊಂದೇ ತಿರುಗಿ ಕೂತಿರುತ್ತದೆ. ನಾನು ಕೈ ಚೆಲ್ಲಿದ್ದೆ. ನೊಕ್ವಾಝಿ ಮುರಿದ ಓಟಗಳನ್ನು ಎತ್ತಿ ಹಾಕಲು ಬಿಡಲಿಲ್ಲ. ಅವನ್ನೇ ಒಟ್ಟುಮಾಡಿ ನೋಡಿದಳು. ಬಹುಪಾಲು ಕರೆಂಟು ಹೋಗಿ ಬಂದ ಮೇಲಿನವು. ಏಸಿ ನಿಂತು ಕೋಣೆ ಬಿಸಿಯಾಗುತ್ತದೆ, ಕನ್ನಡಿ ಕೂದಲೆಳೆಯಷ್ಟು ವಾಲುತ್ತದೆ, ನಡುವಿನ ಅಯಾನಿಗೆ ಬಿಟ್ಟ ಬೆಳಕು ಪಕ್ಕದ್ದರ ಮೇಲೂ ಚೆಲ್ಲುತ್ತದೆ. ಅದೇ ವಾಲಿದ ಕನ್ನಡಿಯಿಂದಲೇ ನಾವು ಏಪ್ರಿಲಿನಿಂದ ಪ್ರಯೋಗ ಮಾಡಿದ್ದೆವು. ಹಳೆಯ ಪರೀಕ್ಷೆಗೆ ಅದು ಎಂದೂ ಗೊತ್ತಾಗುತ್ತಿರಲಿಲ್ಲ. ಸರಿಪಡಿಸಿದ ಮೇಲೆ ಮುರಿಯುವುದು ಹತ್ತಕ್ಕೆ ಒಂದಕ್ಕೆ ಇಳಿಯಿತು.

ಸಮಿತಿಯ ಮುಂದೆ ನಾನು ಹತ್ತಕ್ಕೆ ಒಂದು ಎಂದೆ. ಇಲಾಖೆಯ ಅದೇ ಅಧಿಕಾರಿ, "ಜುಲೈನಲ್ಲಿ ಸೊನ್ನೆ ಅಂದಿದ್ರಲ್ಲ? ಎರಡು ತಿಂಗಳಲ್ಲಿ ಹಿಂದಕ್ಕೆ ಹೋದ್ರಾ?" ಅಂದ. ಉತ್ತರ ಹೇಳಲು ನೊಕ್ವಾಝಿಗೆ ಬಿಟ್ಟೆ. "ಆಗ ನಾವು ನೋಡಿರಲಿಲ್ಲ ಸರ್. ಈಗ ನೋಡಿದೀವಿ," ಅಂದಳು. ಸಮಿತಿಯ ಅಧ್ಯಕ್ಷೆ ತಲೆ ಎತ್ತಿ ಅವಳ ಹೆಸರು ಕೇಳಿ ಬರೆದುಕೊಂಡಳು.

ಐದು ವರ್ಷ ಕೇಳಿದ್ದೆವು. ಎರಡು ವರ್ಷ ಕೊಟ್ಟರು. ಅನುದಾನ ಕಡಿಮೆ: ನನ್ನನ್ನು ಸೇರಿಸಿ ಏಳು ಜನಕ್ಕೆ ಸಾಲದು. ಆರು ಜನಕ್ಕೆ ಸಾಕು. ಲೆಕ್ಕ ಕಷ್ಟದ್ದಲ್ಲ. ಜನವರಿಯಿಂದ ನೊಕ್ವಾಝಿ ಮುಖ್ಯಸ್ಥೆ. ಹೇಳಿದಾಗ, "ನಿಮ್ಮ ಕುರ್ಚಿ ನಂಗೆ ಬೇಡ ಪ್ರೊಫ್, ಅದು ಕಿರುಗುಟ್ಟುತ್ತೆ," ಅಂದಳು. ಆಮೇಲೆ ಚಹಾ ಹಿಡಿದು ನನ್ನ ಮೇಜಿಗೆ ಬಂದು ಕೂತಳು.

ನಿನ್ನ ಫೆಬ್ರವರಿಯ ಪತ್ರವನ್ನು ಮತ್ತೆ ಓದಿದೆ. ನಿನ್ನ ಅಮ್ಮನ ವಿಷಯ ಅದರಲ್ಲಿತ್ತು. ಮೊದಲ ಸಲ ಓದುವಾಗ ನೀನು ಪಾಠಕ್ಕೆ ಒಪ್ಪಿದ್ದೀಯಾ ಎಂಬುದನ್ನಷ್ಟೇ ಹುಡುಕಿದ್ದೆ.

ಹೊಸ ಪುಟ ಇದರ ಜೊತೆಗಿದೆ. ಸಮಿತಿಗೆ ಇನ್ನು ಇದರ ಅಗತ್ಯವಿಲ್ಲ. ನನಗೆ ನಿನ್ನ ಸಹಿ ಬೇಕು.

ಫೀಫಿ

—

ಕೇಪ್ ಕೋಸ್ಟ್, 1 ಅಕ್ಟೋಬರ್ 2023

ಫೀಫಿ,

ಸಹಿ ಹಾಕಿದ್ದೇನೆ. ಮೂರನೇ ಸಾಲಿನಲ್ಲಿ ಒಂದು ಚಿಹ್ನೆ ತಪ್ಪಿತ್ತು, ತಿದ್ದಿದ್ದೇನೆ.

ನಮ್ಮ ವಿಭಾಗದಲ್ಲಿ ಜನವರಿಯಿಂದ ಮೊದಲ ವರ್ಷದವರಿಗೆ ಪ್ರಯೋಗ ಕಲಿಸಲು ಯಾರೂ ಇಲ್ಲ. ಪ್ರಯೋಗಾಲಯ ಎಂದು ಕರೆಯುವ ಕೋಣೆಯ ಕಿಟಕಿ ಕಡಲಿಗೆ ತೆರೆದಿದೆ, ಉಪ್ಪುಗಾಳಿ ಉಪಕರಣಗಳನ್ನು ತಿಂದು ಹಾಕುತ್ತದೆ. ಇರುವ ಎರಡು ಲೇಸರುಗಳಲ್ಲಿ ಒಂದು ಉರಿಯುತ್ತದೆ. ಸಂಬಳ ತಡವಾಗಿ ಬರುತ್ತದೆ, ಮುಷ್ಕರ ನಡೆದ ತಿಂಗಳು ಬರುವುದೇ ಇಲ್ಲ. ವಿದ್ಯಾರ್ಥಿಗಳು ವಿಪರೀತ ಪ್ರಶ್ನೆ ಕೇಳುತ್ತಾರೆ. ಹುದ್ದೆಗೆ ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಸಮಯವಿದೆ.

ನೀನು ಏನು ಹೇಳುತ್ತೀಯ ಎಂದು ಇಲ್ಲಿ ಕುಳಿತು ಊಹಿಸಲು ಎರಡು ಸಂಜೆ ಪ್ರಯತ್ನಿಸಿದೆ. ಆಮೇಲೆ ನಿಲ್ಲಿಸಿದೆ. ಬರುತ್ತೀಯಾ? ಬರುವುದಿಲ್ಲವೆಂದರೂ ಬರೆ.

ಅರಾಬಾ